ಮೊಳ ರಿಬ್ಬನ್ನಿಗೆ ಮಗ್ಗದ ಜಗಳ

ಶಾಲೆಗೆ ಹೊತ್ತಾಯಿತೆಂದು ಅವಸರಪಡುವ ತಾಯಿ ಮಗಳ ಎರಡು ಜಡೆಗಳನ್ನು ಮಡಚಿ, ಮೊಳದುದ್ದದ ಟೇಪು ಸುತ್ತಿ, ಎರಡು ಕುಣಿಕೆ ಮಾಡಿ ಎಳೆದರೆ ಹೂವಿನಂಥ ಗಂಟು ಸಿದ್ಧ. ಸೂಜಿ ಬೇಡ, ದಾರ ಬೇಡ. ಇದೇ ಕೆಲಸವನ್ನು ಹಳೆಯ ಸೀರೆಯಿಂದ ಹರಿದ ಪಟ್ಟಿಯಲ್ಲಿ ಮಾಡಿ ನೋಡಿ. ನಾಲ್ಕು ದಿನದಲ್ಲಿ ಎಳೆಗಳು ಬಿಚ್ಚಿಕೊಂಡು ಜಡೆಯ ತುದಿಯಲ್ಲಿ ನೂಲು ಜೋತಾಡುತ್ತದೆ.

ರಿಬ್ಬನ್ನಿನ ಗುಟ್ಟು ಇರುವುದು ಅದರ ಅಂಚಿನಲ್ಲಿ. ಅದು ಮೂಲತಃ ಅಗಲ ಬಟ್ಟೆಯಿಂದ ಕತ್ತರಿಸಿದ್ದಲ್ಲ. ಅಷ್ಟೇ ಅಗಲಕ್ಕೆ ನೇಯ್ದದ್ದು. ಹೊಕ್ಕಿನ ಎಳೆ ಎರಡೂ ಬದಿಯಲ್ಲಿ ತಿರುಗಿ ಬರುವುದರಿಂದ ಸೀರೆಗಿರುವಂತೆ ಇದಕ್ಕೂ ಎರಡು ಗಟ್ಟಿ ಅಂಚು. ಆದರೆ ಒಂದು ಮಗ್ಗದಲ್ಲಿ ಒಂದೇ ಪಟ್ಟಿ ನೇಯುತ್ತ ಕುಳಿತರೆ ಅದು ಅಗ್ಗವಾಗುವುದೆಂತು? ಏಕಕಾಲಕ್ಕೆ ಹಲವು ಪಟ್ಟಿ ನೇಯುವ ಮಗ್ಗ ಬಂತು. ಅದರ ಬೆನ್ನಿಗೇ ಯೂರೋಪಿನಲ್ಲಿ ರಂಪವೂ ಬಂತು.

ಇಂದು ಪೋಲೆಂಡಿನಲ್ಲಿರುವ ಡಾನ್‌ಜಿಗ್ ನಗರದಲ್ಲಿ 16ನೇ ಶತಮಾನದಲ್ಲೇ ಇಂಥದೊಂದು ಮಗ್ಗವಿತ್ತಂತೆ. ನೇಕಾರರು ಬೀದಿಪಾಲಾದಾರೆಂದು ಹೆದರಿದ ನಗರಾಡಳಿತ ಅದನ್ನು ಕಂಡುಹಿಡಿದವನನ್ನೇ ಗುಟ್ಟಾಗಿ ಕೊಲ್ಲಿಸಿತು ಎಂದು 1636ರಲ್ಲಿ ವೆನಿಸ್‌ನಲ್ಲಿ ಪ್ರಕಟವಾದ ಗ್ರಂಥವೊಂದು ಹೇಳುತ್ತದೆ. ಕಾರ್ಲ್ ಮಾರ್ಕ್ಸ್ ತನ್ನ 'ಬಂಡವಾಳ'ದಲ್ಲಿ (1867) ಈ ಕಥೆಯನ್ನು ಎತ್ತಿಕೊಂಡಿದ್ದಾನೆ. ಕಥೆ ನಿಜವಿರಲಿ, ಬಿಡಲಿ, ಭಯವಂತೂ ನಿಜ. ಹಾಲೆಂಡಿನ ಲೈಡನ್‌ನಲ್ಲಿ ನೇಕಾರರು ದಂಗೆಯೆದ್ದರು. ಹ್ಯಾಂಬರ್ಗ್‌ನಲ್ಲಿ ಮಗ್ಗವನ್ನು ಬಹಿರಂಗವಾಗಿ ಸುಟ್ಟರು. ಜರ್ಮನಿಯಲ್ಲಿ 1685ರ ನಿಷೇಧವನ್ನು 1719ರಲ್ಲಿ ಚಕ್ರವರ್ತಿ ಮತ್ತೆ ಜಾರಿಗೆ ತಂದ. ಕಸುಬು ಅರಿಯದ ಹುಡುಗನೊಬ್ಬ ಕೋಲೊಂದನ್ನು ಹಿಂದೆ ಮುಂದೆ ಆಡಿಸಿದರೆ ಸಾಕು, ಹತ್ತಾರು ಪಟ್ಟಿಗಳು ಒಟ್ಟಿಗೇ ಇಳಿಯುತ್ತಿದ್ದವು. ಜೀವಮಾನವಿಡೀ ಕಲಿತ ಕೈಗಳಿಗೆ ಸಿಟ್ಟು ಬಾರದಿರುತ್ತದೆಯೇ?

ಇಂಗ್ಲೆಂಡಿನ ಕವೆಂಟ್ರಿಯಂತೂ ರೇಷ್ಮೆ ರಿಬ್ಬನ್ನಿನ ಮೇಲೇ ಬದುಕಿದ ಊರು. ವಿದೇಶಿ ರೇಷ್ಮೆಯ ಮೇಲೆ 1766ರಿಂದ 1826ರವರೆಗೆ ನಿಷೇಧ, ಅನಂತರ ಸುಂಕ. ಈ ಬೇಲಿಯ ನೆರಳಲ್ಲಿ ಮಗ್ಗಗಳು ಬೆಳೆದವು. 1831ರಲ್ಲಿ ಜೋಸಯ್ಯ ಬೆಕ್ ಎಂಬಾತ ಉಗಿಯಂತ್ರದ ಮಗ್ಗ ಹೂಡಿದಾಗ ಜನ ಕಾರ್ಖಾನೆಗೇ ಬೆಂಕಿಯಿಟ್ಟರು. ಆದರೆ ಊರನ್ನು ಕೊನೆಗೆ ಮುರಿದದ್ದು ಯಂತ್ರವಲ್ಲ, ಕಾಗದ. 1860ರ ಜನವರಿಯಲ್ಲಿ ಬ್ರಿಟನ್ ಮತ್ತು ಫ್ರಾನ್ಸ್ ವ್ಯಾಪಾರ ಒಪ್ಪಂದಕ್ಕೆ ಸಹಿ ಹಾಕಿದವು. ಸುಂಕ ಹೋಯಿತು, ಫ್ರಾನ್ಸಿನ ರೇಷ್ಮೆ ನುಗ್ಗಿತು. ಸಾವಿರಾರು ನೇಕಾರರು ಕೆಲಸ ಕಳೆದುಕೊಂಡು ಗಂಜಿ ಕೇಂದ್ರಗಳತ್ತ ನಡೆದರು. ಅನೇಕರು ಅಮೆರಿಕಕ್ಕೆ ಹಡಗು ಹತ್ತಿದರು. ಥಾಮಸ್ ಸ್ಟೀವನ್ಸ್ ಎಂಬ ಜಾಣ ಅದೇ ಮಗ್ಗದಲ್ಲಿ ಚಿತ್ರ ನೇಯ್ದು, ಪುಸ್ತಕದ ಗುರುತುಪಟ್ಟಿ ಮಾಡಿ ಮಾರಿ ಬದುಕಿಕೊಂಡ. ಉಳಿದವರನ್ನು ಹೊಲಿಗೆಯಂತ್ರದ ಕಾರ್ಖಾನೆ, ಮುಂದೆ ಸೈಕಲ್ಲು ಸಲಹಿದವು.

ಸ್ವಿಟ್ಜರ್ಲೆಂಡಿನ ಬಾಸೆಲ್‌ಗೆ ಒಲಿದ ಅದೃಷ್ಟವೇ ಬೇರೆ. ಅಲ್ಲಿನ ರಿಬ್ಬನ್ನಿಗೆ ಬಣ್ಣ ಬೇಕಿತ್ತು. ರೇಷ್ಮೆಗೆ ಬಣ್ಣ ಹಾಕುತ್ತಿದ್ದ ಅಲೆಕ್ಸಾಂಡರ್ ಕ್ಲಾವೆಲ್ 1859ರಲ್ಲಿ ಕೃತಕ ಬಣ್ಣ ತಯಾರಿಸತೊಡಗಿದ. ಆ ಉದ್ಯಮವೇ ಬೆಳೆದು ಸೀಬಾ ಆಯಿತು. 1996ರಲ್ಲಿ ಸೀಬಾ-ಗೈಗಿ ಮತ್ತು ಸ್ಯಾಂಡೋಜ್ ಕೂಡಿ ಹುಟ್ಟಿದ ಔಷಧ ಕಂಪನಿಯೇ ನೊವಾರ್ಟಿಸ್. ಜಡೆಯ ರಿಬ್ಬನ್ನಿನಿಂದ ಗುಳಿಗೆಯವರೆಗೆ!

ರಿಬ್ಬನ್ನು ಅಗ್ಗವಾದ ಮೇಲೆ ಮಕ್ಕಳ ತಲೆ ಸೇರಲು ತಡವಾಗಲಿಲ್ಲ. 20ನೇ ಶತಮಾನದ ಆರಂಭದ ಯೂರೋಪು, ಅಮೆರಿಕದ ಛಾಯಾಚಿತ್ರಗಳಲ್ಲಿ ಪುಟ್ಟ ಹುಡುಗಿಯರ ತಲೆಯ ಮೇಲೆ ತಲೆಯಷ್ಟೇ ದೊಡ್ಡ ಗಂಟುಗಳಿವೆ. ರಷ್ಯದಲ್ಲಿ ಶಾಲೆ ತೆರೆಯುವ ಸೆಪ್ಟೆಂಬರ್ 1ರಂದು ಹೆಣ್ಣುಮಕ್ಕಳು ಬಿಳಿಯ ಭಾರಿ ಗಂಟು ಕಟ್ಟಿಕೊಂಡು ಬರುವುದು ಸೋವಿಯತ್ ಕಾಲದಿಂದ ನಡೆದು ಬಂದ ರೂಢಿ. ನಮ್ಮ ಜಡೆಗಂಟಿಗೆ ಈಗ ರೇಷ್ಮೆಯಿಲ್ಲ, ನೈಲಾನು, ಪಾಲಿಯೆಸ್ಟರು. ಅಂಚು ಗಟ್ಟಿಯಿದ್ದರೂ ಕತ್ತರಿಸಿದ ತುದಿ ಬಿಚ್ಚಿಕೊಳ್ಳುತ್ತದಲ್ಲ, ಅದಕ್ಕೂ ಮನೆಮದ್ದಿದೆ. ಊದುಬತ್ತಿಯ ಕೆಂಡವನ್ನು ತುದಿಗೆ ಸೋಕಿಸಿದರೆ ಎಳೆಗಳು ಕರಗಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ.