ಕನ್ನಡ ಜಿಲ್ಲೆಯ ಕಡತಗಳೂ ನ್ಯಾಯಸ್ಥಾನದ ದಾಖಲೆಗಳೂ

ಶಿಲಾಶಾಸನ ತಾಮ್ರಪಟಗಳ ಶೋಧನೆಯಲ್ಲಿ ನಮ್ಮ ವಿದ್ವಾಂಸರು ತೋರಿಸಿದ ಶ್ರದ್ಧೆಯು ಕಚೇರಿಯ ಕಾಗದಗಳ ಕಡೆಗೆ ಅಷ್ಟಾಗಿ ಹರಿದಿಲ್ಲ. ಘಟ್ಟದ ಕೆಳಗಣ ಕನ್ನಡ ಜಿಲ್ಲೆಗಳ ಮಟ್ಟಿಗಾದರೂ ಇದು ದೊಡ್ಡ ನಷ್ಟವೆಂದೇ ಹೇಳಬೇಕು. ಏಕೆಂದರೆ, ಅಲ್ಲಿಯ ಭೂಮಿಯ ಚರಿತ್ರೆಯು ಕಲ್ಲಿಗಿಂತ ಹೆಚ್ಚಾಗಿ ಕಡತದಲ್ಲಿ ಉಳಿದು ಬಂದಿತು.

ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಲಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದ ಕರಿಯ ಪುಸ್ತಕವೇ ಕಡತ. ಅದರಲ್ಲಿ ಬಳಪದಿಂದ ಬರೆಯುತ್ತಿದ್ದರು. ಒರಸಿ ಮತ್ತೆ ಬರೆಯುವ ಅನುಕೂಲವು ಶಾನುಭೋಗನಿಗೆ ಗುಣವಾಗಿ ತೋರಿದ್ದಿತು. ಇತಿಹಾಸಕಾರನಿಗೆ ಅದೇ ಸಂದೇಹಕ್ಕೆ ಕಾರಣ. 1799ರಲ್ಲಿ ಕನ್ನಡ ಜಿಲ್ಲೆಗೆ ಕಲೆಕ್ಟರನಾಗಿ ಬಂದ ತಾಮಸ್ ಮನ್ರೋ ಇಂತಹ ಹಳೆಯ ಲೆಕ್ಕಗಳನ್ನು ಆಧರಿಸಿಯೇ 1800ನೆಯ ಮೇ 31ರಂದು ತನ್ನ ಪ್ರಸಿದ್ಧ ವರದಿಯನ್ನು ಬರೆದನು. ಇಲ್ಲಿಯ ಭೂಮಿಯು ಬಹುತೇಕ ಖಾಸಗಿ ಸ್ವತ್ತೆಂಬುದು ಅವನ ನಿರ್ಣಯ. ಹರಿಹರರಾಯನ ಕಾಲದ ಕಂದಾಯಕ್ರಮವೆಂದು ಅವನು ವಿವರಿಸಿದುದನ್ನು ಶಾಸನಗಳೊಡನೆ ಹೋಲಿಸದೆ ಒಪ್ಪಲಾಗದು. ಆದರೂ ಶಿವಪ್ಪನಾಯಕನ ಶಿಸ್ತು ಹಳ್ಳಿಯ ಲೆಕ್ಕದಲ್ಲಿ ಎಷ್ಟು ಆಳವಾಗಿ ಬೇರೂರಿದ್ದಿತೆಂಬುದಕ್ಕೆ ಆ ವರದಿಯು ಒಳ್ಳೆಯ ಸಾಕ್ಷಿ.

ಇಲ್ಲಿ ಹುಡುಕುವವನು ಮೊದಲು ತಿಳಿಯತಕ್ಕದ್ದು 'ವರ್ಗ' ಎಂಬ ಶಬ್ದವನ್ನು. ಅದು ಒಬ್ಬನ ಹೆಸರಿನ ಲೆಕ್ಕಕ್ಕೆ ಸೇರಿದ ಹಿಡುವಳಿ. ಒಂದೇ ವರ್ಗದ ಗದ್ದೆಗಳು ಬೇರೆ ಬೇರೆ ಗ್ರಾಮಗಳಲ್ಲಿ ಚದರಿರುವುದುಂಟು. ಭೂಮಿಯು ಕೈಬದಲಾದರೂ ವರ್ಗಕ್ಕೆ ಹಿಂದಿನ ವರ್ಗದಾರನ ಹೆಸರೇ ನಿಂತಿರುವುದೂ ಉಂಟು. ಮೋಜಣಿಯ ನಂಬರನ್ನು ಮಾತ್ರ ಹಿಡಿದು ಹೊರಟವನಿಗೆ ಅದಕ್ಕಿಂತ ಹಿಂದಿನ ದಾರಿಯು ಸಿಕ್ಕದು. ಹೆಸರನ್ನು ಹಿಡಿದವನಿಗೆ ಸಿಕ್ಕೀತು.

ಉತ್ತರ ಕನ್ನಡವು 1862ರಲ್ಲಿ ಮದರಾಸಿನಿಂದ ಬೊಂಬಾಯಿಗೆ ಸೇರಿದ ಮೇಲೆ, ಹೊಸ ಕಂದಾಯವನ್ನು ಪ್ರತಿಭಟಿಸಿ ಭೂಮಿಯವರು ನ್ಯಾಯಸ್ಥಾನಕ್ಕೆ ಹೋದರು. ವೈಕುಂಠ ಬಾಪೂಜಿಗೂ ಬೊಂಬಾಯಿ ಸರ್ಕಾರಕ್ಕೂ ನಡೆದ ಈ ವ್ಯವಹಾರವು 1875ರಲ್ಲಿ ಹೈಕೋರ್ಟಿನಲ್ಲಿ ತೀರ್ಮಾನವಾಯಿತು. ಕಂದಾಯವು ಶಾಶ್ವತವಾಗಿ ಗೊತ್ತಾದುದೆಂಬ ವಾದವು ನಿಲ್ಲಲಿಲ್ಲ. ತೀರ್ಪು ಬಹು ದೀರ್ಘವಾದುದು; ಕಾನೂನಿನ ವರದಿಯಲ್ಲಿ ಹೂತಿರುವ ಒಂದು ಪ್ರಾಂತದ ಚರಿತ್ರೆಯೆಂದೇ ಅದನ್ನು ಓದಬಹುದು. ಆದರೆ ಎಚ್ಚರವಿರಲಿ: ವ್ಯಾಜ್ಯಕ್ಕೆ ಬಂದ ಲೆಕ್ಕವು ಗೆಲ್ಲುವುದಕ್ಕಾಗಿ ಆರಿಸಿ ತಂದ ಲೆಕ್ಕ. ಮೇಲಾಗಿ, ಇಂಗ್ಲಿಷಿನ ತೀರ್ಪಿನಲ್ಲಿ ಕನ್ನಡದ ಮೂಲಪದಗಳು ಮರೆಯಾಗುತ್ತವೆ. ಮೂಲಗೇಣಿಯೂ ಚಾಲಗೇಣಿಯೂ ಒಟ್ಟಿಗೆ 'ಒಕ್ಕಲುತನ'ವಾಗಿಬಿಟ್ಟರೆ ಭೇದವು ತಿಳಿಯುವುದೆಂತು? ಮೊದಲನೆಯದು ಶಾಶ್ವತ, ಎರಡನೆಯದು ಒಡೆಯನ ಇಚ್ಛೆಗೆ ಒಳಪಟ್ಟದ್ದು.

ಈಚಿನ ಪತ್ರಗಳಿಗೆ ಮಾರ್ಗವು ಸುಗಮ. 1908ರ ನೋಂದಣಿ ಶಾಸನದ 57ನೆಯ ವಿಧಿಯಂತೆ, ಸ್ಥಿರಸ್ವತ್ತಿನ ಪತ್ರಗಳನ್ನು ಬರೆದಿಡುವ ಒಂದನೆಯ ಪುಸ್ತಕವನ್ನು ಶುಲ್ಕ ತೆತ್ತ ಯಾರಾದರೂ ನೋಡಬಹುದು. ಮರಣಶಾಸನಗಳ ಮೂರನೆಯ ಪುಸ್ತಕಕ್ಕೆ ಆ ಸ್ವಾತಂತ್ರ್ಯವಿಲ್ಲ. ಸೂಚಿಗಳಲ್ಲಿ ಒಂದು ವ್ಯಕ್ತಿಗಳ ಹೆಸರನ್ನೂ ಇನ್ನೊಂದು ಸ್ವತ್ತನ್ನೂ ಅನುಸರಿಸುತ್ತದೆ. 1974ರ ಭೂಸುಧಾರಣೆಯ ಅನಂತರ ಗೇಣಿದಾರರು ಭೂನ್ಯಾಯ ಮಂಡಳಿಗಳ ಮುಂದೆ ಸಲ್ಲಿಸಿದ ಅರ್ಜಿಗಳಲ್ಲಿಯೂ ಹಳೆಯ ಗೇಣಿಚೀಟಿಗಳನ್ನು ಅರಸಬೇಕು.

ಮೂಲ ಕಡತವನ್ನೇ ಕಾಣಬೇಕೆಂಬವರು ದಾವೆಯ ತೀರ್ಪಿನ ಕೊನೆಯಲ್ಲಿರುವ ನಿಶಾನೆಗಳ ಪಟ್ಟಿಯನ್ನು ಮೊದಲು ನೋಡತಕ್ಕದ್ದು. ವ್ಯಾಜ್ಯ ಮುಗಿದ ಮೇಲೆ ಹಾಜರುಪಡಿಸಿದ ಪತ್ರಗಳನ್ನು ಪಕ್ಷಗಾರರು ಹಿಂದಕ್ಕೆ ಪಡೆಯಬಹುದಾದುದರಿಂದ, ಅವು ನ್ಯಾಯಸ್ಥಾನದಲ್ಲಿ ಸಿಕ್ಕದಿದ್ದರೆ ಆ ಮನೆತನಗಳ ಪೆಟ್ಟಿಗೆಗಳಲ್ಲಿ, ನ್ಯಾಯಸ್ಥಾನದ ಗುರುತನ್ನು ಹೊತ್ತು ಇರಬಹುದು.