ಹಿತ್ತಲಿನ ವಿದ್ಯೆ, ನಗರದ ಬಾಳು

ಬೀಳಗಿ ಸೀಮೆಯ ಗಲಗಲಿ ಕೃಷ್ಣೆಯ ದಂಡೆಯ ಊರು. ನಾಡು ಅದನ್ನು ಪಂಡಿತರ ಊರೆಂದು ಬಲ್ಲದು. ಸಂಸ್ಕೃತ ಚಂಪೂಕಾವ್ಯಕ್ಕಾಗಿ 1983ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಪಂಢರಿನಾಥಾಚಾರ್ಯರು ಆ ಊರಿನ ಹೆಸರನ್ನೇ ಹೊತ್ತವರು. ಆದರೆ ನಾನಿಂದು ಹೇಳಹೊರಟಿರುವುದು ಶಾಸ್ತ್ರಪಾಂಡಿತ್ಯದ ಮಾತನ್ನಲ್ಲ. ಅಂಥ ಹೊಳೆದಂಡೆಯ ಊರುಗಳ ಹಿತ್ತಲಲ್ಲಿದ್ದ, ಯಾರೂ ಶಾಸ್ತ್ರವೆಂದು ಕರೆಯದ ಇನ್ನೊಂದು ವಿದ್ಯೆಯ ಮಾತನ್ನು.

ಆ ಹಿತ್ತಲಲ್ಲಿ ಬಚ್ಚಲ ನೀರು ಬಾಳೆಯ ಬುಡಕ್ಕೆ ಹರಿಯುತ್ತಿತ್ತು. ಸಗಣಿ, ಬೂದಿ, ಕಸಕಡ್ಡಿ ತಿಪ್ಪೆ ಸೇರಿ, ತಿಪ್ಪೆ ಹೊಲಕ್ಕೆ ಹೋಗುತ್ತಿತ್ತು. ದಿನವೂ ಬೇಕಾಗುವ ಕರಿಬೇವು ಅಡುಗೆಮನೆಯ ಬಾಗಿಲಿಗೆ ಹತ್ತಿರ. ಹೀರೆ, ಅವರೆಯ ಬಳ್ಳಿ ಬೇಲಿಯ ಮೇಲೆ. ಹೊಲದಲ್ಲಿ ಬಿಳಿಜೋಳದ ನಡುವೆ ಕುಸುಬೆಯ ಅಕ್ಕಡಿ. ಒಂದು ಬೆಳೆ ಕೈಕೊಟ್ಟರೆ ಇನ್ನೊಂದು ಕೈಹಿಡಿಯಲಿ ಎಂಬ ವಿವೇಕ ಅದರ ಹಿಂದಿತ್ತು.

ಆಸ್ಟ್ರೇಲಿಯದ ಟಾಸ್ಮೇನಿಯದಲ್ಲಿ ಬಿಲ್ ಮಾಲಿಸನ್ ಮತ್ತು ಡೇವಿಡ್ ಹೋಮ್‌ಗ್ರೆನ್ ಎಂಬ ಗುರುಶಿಷ್ಯರು 1978ರಲ್ಲಿ ಒಂದು ಪುಸ್ತಕ ಪ್ರಕಟಿಸಿ, ಇಂಥ ವಿವೇಕಕ್ಕೆ ‘ಪರ್ಮಕಲ್ಚರ್’ ಎಂದು ಹೆಸರಿಟ್ಟರು. ನಾವು ಅದನ್ನು ಶಾಶ್ವತ ಕೃಷಿ ಎನ್ನಬಹುದು. ಮೊದಲು ನೆಲವನ್ನೂ ನೀರಿನ ಹರಿವನ್ನೂ ಕಣ್ಣಿಟ್ಟು ನೋಡು. ಪದೇ ಪದೇ ಬೇಕಾಗುವುದನ್ನು ಮನೆಯ ಬಳಿ ನೆಡು. ಒಂದು ಅಗತ್ಯಕ್ಕೆ ಹಲವು ಆಸರೆಗಳಿರಲಿ. ಒಂದರ ಕಸ ಇನ್ನೊಂದರ ಆಹಾರವಾಗಲಿ. ಇವೇ ಅದರ ಮುಖ್ಯ ಸೂತ್ರಗಳು. 1987ರಲ್ಲಿ ಮಾಲಿಸನ್ ಭಾರತಕ್ಕೆ ಬಂದು ಪಾಠ ಹೇಳಿದರು; ಬೀದರಿನ ಗಡಿಯಾಚೆ ಜಹೀರಾಬಾದಿನ ಸೀಮೆಯಲ್ಲಿ ಆ ಮಾತು ಬೇರುಬಿಟ್ಟಿತು.

ಹಿತ್ತಲು ಹಳ್ಳಿಯದು, ನಗರಕ್ಕೆ ಈ ವಿದ್ಯೆ ಒಗ್ಗೀತೆ ಎಂದು ಕೇಳುವವರುಂಟು. ಉತ್ತರ ನಮ್ಮ ಇತಿಹಾಸದಲ್ಲೇ ಇದೆ. ಹನ್ನೆರಡನೆಯ ಶತಮಾನದಲ್ಲಿ ಸೊನ್ನಲಿಗೆಯ ಸಿದ್ಧರಾಮ ಕೆರೆ ಕಟ್ಟಿಸಿದ್ದನ್ನು ರಾಘವಾಂಕ ತನ್ನ ಕಾವ್ಯದ ವಸ್ತುವಾಗಿಸಿದ. ಊರನ್ನು ಬೆಳಗಿಸಬೇಕಾದರೆ ಮೊದಲು ನೀರನ್ನು ನಿಲ್ಲಿಸಬೇಕೆಂದು ಆ ಶರಣ ಅರಿತಿದ್ದ.

ಇದಕ್ಕಿಂತ ವಿಸ್ತಾರವಾದ ನಿದರ್ಶನ ಬಿಜಾಪುರ, ಇಂದಿನ ವಿಜಯಪುರ. ಅಲ್ಲಿ ಹೊಳೆಯಿಲ್ಲ, ಕೃಷ್ಣೆ ದಕ್ಷಿಣಕ್ಕೆ, ಭೀಮೆ ಉತ್ತರಕ್ಕೆ, ಎರಡೂ ದೂರ. ಆದರೂ ಆದಿಲಶಾಹಿಗಳು 1686ರವರೆಗೆ, ಸುಮಾರು ಎರಡು ಶತಮಾನ, ಅಲ್ಲಿಂದಲೇ ಆಳಿದರು. ಪಶ್ಚಿಮದ ತೊರವಿಯ ಕಡೆಯಿಂದ ನೆಲದೊಳಗಿನ ಸುರಂಗದಲ್ಲಿ ನೀರು ಇಳಿಜಾರನ್ನೇ ನಂಬಿ ನಗರಕ್ಕೆ ಬರುತ್ತಿತ್ತು. ಊರ ದಕ್ಷಿಣಕ್ಕೆ 1651ರಲ್ಲಿ ಬೇಗಂ ತಾಲಾಬ್ ಆಯಿತು. ಅಲ್ಲಿಂದ ಗಾರೆಯ ಕವಚದೊಳಗಿನ ಮಣ್ಣಿನ ಕೊಳವೆಗಳು ಹೊರಟವು. ದಾರಿಯಲ್ಲಿ ‘ಗಂಜ್’ ಎಂಬ ಗೋಪುರಗಳು. ಅವು ನೀರಿನ ಒತ್ತಡವನ್ನು ತಗ್ಗಿಸಿ ಕೊಳವೆ ಒಡೆಯದಂತೆ ಕಾಯುತ್ತಿದ್ದವು, ಹೂಳು ತಳಕ್ಕಿಳಿದು ತಿಳಿನೀರು ಮುಂದೆ ಸಾಗಲು ಅನುವು ಮಾಡುತ್ತಿದ್ದವು. ಇಷ್ಟೂ ಸಾಲದೆಂಬಂತೆ 1579ರ ಚಾಂದ್ ಬಾವಡಿ, 1620ರ ತಾಜ್ ಬಾವಡಿ. ಒಂದೇ ಆಸರೆಗೆ ಊರನ್ನು ಕಟ್ಟಿಹಾಕದ ಈ ಯೋಜನೆಯಲ್ಲಿ ಮಾಲಿಸನ್ನರ ಸೂತ್ರ ಅವರಿಗಿಂತ ಮೊದಲೇ ಕಲ್ಲುಗಾರೆಯಲ್ಲಿ ಮೂಡಿತ್ತು.

ಹಾಗೆಂದು ಹಳೆಯದೆಲ್ಲ ಹೊನ್ನೆಂದು ನಾನು ಹೇಳಲಾರೆ. ಅರಸರ ನೀರು ಮೊದಲು ಅರಮನೆಯ ಕಾರಂಜಿಗೆ ಹರಿಯುತ್ತಿತ್ತು. ಕಾಯುವ ಕೈ ಹೋದಾಗ ವ್ಯವಸ್ಥೆಯೂ ಹೋಯಿತು. ನಲ್ಲಿ ಬಂದಮೇಲೆ ಬಾವಡಿಗಳು ಕಸದ ಗುಂಡಿಗಳಾದವು, ಈಚೆಗಷ್ಟೇ ಅವುಗಳ ಹೂಳೆತ್ತಿಸಬೇಕಾಯಿತು. ವಿದ್ಯೆ ಜನರ ಕೈಯಲ್ಲಿ ಉಳಿಯದೆ ಕಟ್ಟಡ ಉಳಿಯದು.

ಜನರ ಕೈಯ ಬಲವನ್ನೂ ಈ ಸೀಮೆ ಕಂಡಿದೆ. 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ಜಮಖಂಡಿಯ ರೈತರು ಚಿಕ್ಕಪಡಸಲಗಿಯ ಬಳಿ ತಮ್ಮ ಹಣ, ತಮ್ಮ ಬೆವರಿನಿಂದ ಕೃಷ್ಣೆಗೆ ಬ್ಯಾರೇಜು ಕಟ್ಟಿ, ಅದನ್ನು ಶ್ರಮಬಿಂದು ಸಾಗರವೆಂದು ಕರೆದರು. ನೀರು ಬಂತು, ನೀರಿನೊಡನೆ ಕಬ್ಬಿನ ಭರಾಟೆಯೂ ಬೆಳೆಯಿತು. ಎರೆಭೂಮಿಗೆ ಅಳತೆಮೀರಿ ನೀರುಣಿಸಿದರೆ ಅದು ಸವಳಾಗುತ್ತದೆ. ಅಕ್ಕಡಿಯ ವಿವೇಕವಿಲ್ಲದ ನೀರು ವರವೂ ಹೌದು, ಶಾಪವೂ ಹೌದು.

ಇನ್ನೊಂದೆಡೆ ಆಲಮಟ್ಟಿಯ ಹಿನ್ನೀರು. ಹಳೆ ಬಾಗಲಕೋಟೆಯ ಬಹುಭಾಗವನ್ನೂ ದಂಡೆಯ ಅನೇಕ ಹಳ್ಳಿಗಳನ್ನೂ ಅದು ನುಂಗಿತು. ಜನ ನವನಗರಕ್ಕೂ ಪುನರ್ವಸತಿ ಕೇಂದ್ರಗಳಿಗೂ ಹೋದರು. ಮನೆಗೆ ಪರಿಹಾರವುಂಟು, ಮರಕ್ಕೂ ಉಂಟು. ಹಿತ್ತಲಿನ ವಿದ್ಯೆಗೆ ಬೆಲೆ ಕಟ್ಟುವ ಕಲಮು ಯಾವ ಕಾಯಿದೆಯಲ್ಲಿದೆ? ಹೊಸ ನಿವೇಶನದಲ್ಲಿ ಅಂಗುಲ ಬಿಡದೆ ಕಾಂಕ್ರೀಟು ಹಾಸಿದರೆ ಬಚ್ಚಲ ನೀರು ಗಟಾರಕ್ಕೆ, ಮಳೆಯ ನೀರು ಬೀದಿಗೆ.

ಬೆಂಗಳೂರಿನಲ್ಲಿ 2009ರಲ್ಲಿ ಮಳೆನೀರು ಸಂಗ್ರಹವನ್ನು ಕಾನೂನಿನಿಂದ ಕಡ್ಡಾಯ ಮಾಡಿದರು. ಒಳ್ಳೆಯದೇ. ಆದರೆ ಲೆಕ್ಕ ಕಾನೂನಿಗಿಂತ ಸರಳ: ನೂರು ಚದರ ಮೀಟರಿನ ಮಾಳಿಗೆಯ ಮೇಲೆ ವರ್ಷಕ್ಕೆ 500 ಮಿಲಿಮೀಟರ್ ಮಳೆ ಬಿದ್ದರೂ 50,000 ಲೀಟರ್ ನೀರು. ಅದರಲ್ಲಿ ಕೆಲವು ಪಾಲು ಸೋರಿದರೂ ಒಂದು ತೊಟ್ಟಿ ತುಂಬೀತು, ಒಂದು ನುಗ್ಗೆ ಬದುಕೀತು. ಮಾಳಿಗೆಯ ಕುಂಡದಲ್ಲಿ ಮೆಂತ್ಯ, ಅಡುಗೆಮನೆಯ ಸಿಪ್ಪೆಗೆ ಒಂದು ಗೊಬ್ಬರದ ಗುಂಡಿ: ಇಷ್ಟಕ್ಕೆ ಅರಸರ ಖಜಾನೆ ಬೇಡ.

ಈ ವಿದ್ಯೆಯನ್ನು ಬಲ್ಲ ಹಿರಿಯ ಹೆಂಗಸರು ಹೊಸ ಬಡಾವಣೆಗಳಲ್ಲಿ ಇನ್ನೂ ಇದ್ದಾರೆ. ಯಾವ ಮಣ್ಣಿಗೆ ಯಾವ ಬೀಜ, ಯಾವ ಮಳೆಗೆ ಯಾವ ಬಿತ್ತನೆ ಎಂಬುದು ಅವರ ನಾಲಗೆಯ ತುದಿಯಲ್ಲಿದೆ. ಅವರು ಇರುವಾಗಲೇ ಕೇಳಿ ಕಲಿಯಬೇಕು. ಹೊಳೆಯ ನೀರು ಊರನ್ನು ಮುಳುಗಿಸಬಹುದು. ನಮ್ಮ ಮರೆವು ಅದರ ವಿದ್ಯೆಯನ್ನೂ ಮುಳುಗಿಸಬಾರದು.