ಸಹಿ ಕತ್ತರಿಸಿದ ನಗೆಚಿತ್ರ

ಮೊನ್ನೆ ನಮ್ಮೂರ ವಾಟ್ಸಾಪ್ ಗ್ರೂಪಿಗೆ ಒಂದು ಹಳೇ ಕಾರ್ಟೂನು ಬಂತು. ಒಂದೇ ಚೌಕ, ಕೆಳಗೆ ಒಂದೇ ಸಾಲು. ನಕ್ಕೆ. ಬರೆದವರು ಯಾರು ಅಂತ ಮೂಲೆ ನೋಡಿದರೆ, ಸಹಿ ಇರಬೇಕಾದ ಜಾಗವನ್ನೇ ಯಾರೋ ಕತ್ತರಿಸಿದ್ದರು.

ಆಗ ನಾನು ಬೆಂಗಳೂರಿನ ಬಿಟಿಎಂ ಲೇಔಟಿನಲ್ಲಿ ಗೆಳೆಯನ ರೂಮಿನಲ್ಲಿದ್ದೆ. (ಬಿಟಿಎಂ ಅಂದರೆ ಬೈರಸಂದ್ರ, ತಾವರೆಕೆರೆ, ಮಡಿವಾಳ. ಮೂರು ಊರು ಮೂರಕ್ಷರಕ್ಕೆ ಇಳಿದಿವೆ. ಅದೂ ಒಂಥರಾ ಕತ್ತರಿಯೇ.) ಮನೆ ಓನರ್ ತಾತನಿಗೆ ಚಿತ್ರ ತೋರಿಸಿದೆ. ಕನ್ನಡಕ ಏರಿಸಿ ನೋಡಿದರು. "ಯಾರದ್ದು ಅಂತ ಗೊತ್ತಾಗ್ತಿಲ್ಲ ಕಣಪ್ಪಾ. ಕೊರವಂಜಿ ಕಾಲದ ಗೆರೆ ಇದ್ದ ಹಾಗಿದೆ" ಅಂದರು.

ಕೊರವಂಜಿ ಅಂದರೆ ಬುಟ್ಟಿ ಹಿಡಿದು ಮನೆಮನೆಗೆ ಬಂದು ಕಣಿ ಹೇಳುವವಳು. ಆ ಹೆಸರಿನ ಹಾಸ್ಯ ಪತ್ರಿಕೆಯನ್ನು 1942ರಲ್ಲಿ ಬೆಂಗಳೂರಿನಲ್ಲಿ ಶುರು ಮಾಡಿದವರು ಡಾ. ಎಂ. ಶಿವರಾಂ. 'ರಾಶಿ' ಅಂತ ಬರೆಯುತ್ತಿದ್ದರು, ವೃತ್ತಿಯಲ್ಲಿ ವೈದ್ಯರು. ಒಂದು ಕಡೆ ಮಹಾಯುದ್ಧ, ಇನ್ನೊಂದು ಕಡೆ ಕ್ವಿಟ್ ಇಂಡಿಯಾ. ಅಂಥ ವರ್ಷದಲ್ಲಿ ನಗಿಸಲು ಹೊರಟರಲ್ಲ, ಅದು ಸಣ್ಣ ಧೈರ್ಯವಲ್ಲ. ನಾ. ಕಸ್ತೂರಿ, ಟಿ. ಸುನಂದಮ್ಮ ಅದರಲ್ಲಿ ಬರೆದರು. ಮೈಸೂರಿನ ಒಬ್ಬ ಕಾಲೇಜು ಹುಡುಗ ಚಿತ್ರ ಬರೆದ. ಅವನೇ ಆರ್.ಕೆ. ಲಕ್ಷ್ಮಣ್.

ಒಂದೇ ಚೌಕದ ನಗೆಚಿತ್ರ ಹೊರದೇಶದಿಂದ ಬಂದದ್ದು. ಲಂಡನ್ನಿನಲ್ಲಿ 1841ರಲ್ಲಿ ಹುಟ್ಟಿದ 'ಪಂಚ್' ಪತ್ರಿಕೆಯಲ್ಲಿ ಚಿತ್ರದ ಕೆಳಗೆ ನಾಟಕದ ಹಾಗೆ ಉದ್ದುದ್ದ ಮಾತು ಇರುತ್ತಿತ್ತು. 1925ರಲ್ಲಿ ಶುರುವಾದ ಅಮೆರಿಕದ 'ನ್ಯೂಯಾರ್ಕರ್' ಪತ್ರಿಕೆ ಒಂದೇ ಸಾಲಿನ ಅಡಿಬರಹವನ್ನು ಜನಪ್ರಿಯ ಮಾಡಿತು. 1941ರಲ್ಲಿ ಪೀಟರ್ ಆರ್ನೋ ಅದರಲ್ಲಿ ಬರೆದ ಚಿತ್ರ ನೋಡಿ: ವಿಮಾನ ನೆಲಕ್ಕೆ ಅಪ್ಪಳಿಸಿದೆ, ಎಲ್ಲರೂ ಅತ್ತ ಓಡುತ್ತಿದ್ದಾರೆ. ಒಬ್ಬ ಮಾತ್ರ ಕಂಕುಳಲ್ಲಿ ನಕ್ಷೆಯ ಸುರುಳಿ ಇಟ್ಟುಕೊಂಡು ಇತ್ತ ನಡೆದು ಬರುತ್ತಿದ್ದಾನೆ, ಮತ್ತೆ ನಕ್ಷೆ ಬರೆಯಲು ಕೂರಬೇಕಲ್ಲ ಅನ್ನುತ್ತಾ. ಸಾಲು ತೆಗೆದರೆ ಅದು ಬರೀ ಅಪಘಾತ. ಚಿತ್ರ ತೆಗೆದರೆ ಬರೀ ಗೊಣಗಾಟ.

ನಮ್ಮ ಕಡೆಗೆ ತಂದು ನೋಡೋಣ. ಊರಿನ ಹೊಸ ನಲ್ಲಿಯ ಕಂಬಕ್ಕೆ ಎಮ್ಮೆ ಕಟ್ಟಿದೆ. ಯಜಮಾನ ಸಾಹೇಬರಿಗೆ ಕೈಮುಗಿದು, "ನಲ್ಲಿ ಹಾಕ್ಸಿದ್ದು ಬಾಳ ಉಪಯೋಗ ಆಯ್ತು ಸ್ವಾಮಿ" ಅನ್ನುತ್ತಾನೆ. ಇದು ನಾನೇ ಕಟ್ಟಿದ್ದು, ಬರೆಯಲು ಕೈ ಬರುವುದಿಲ್ಲ. ನೀರು ಬಂದಿಲ್ಲ ಅಂತ ನಾನು ಸುದ್ದಿ ಕಳಿಸಿದರೆ ಮೂಲೆಯಲ್ಲಿ ನಾಲ್ಕು ಸಾಲು ಬಂದೀತು. ಎಮ್ಮೆ ಬಂದರೆ ಊರೆಲ್ಲ ನೋಡುತ್ತದೆ.

ಲಕ್ಷ್ಮಣ್ ಈ ವಿದ್ಯೆ ಕಲಿತದ್ದು ಮನೆಗೆ ಬರುತ್ತಿದ್ದ ಇಂಗ್ಲಿಷ್ ಪತ್ರಿಕೆಗಳ ಚಿತ್ರ ನೋಡಿ. ಓದು ಬರುವ ಮೊದಲೇ ನೋಡುತ್ತಿದ್ದರಂತೆ. ಡೇವಿಡ್ ಲೋ ಎಂಬ ದೊಡ್ಡ ವ್ಯಂಗ್ಯಚಿತ್ರಕಾರನ 'ಲೋ' ಸಹಿ ಅವರ ಕಣ್ಣಿಗೆ ಬಹಳ ಕಾಲ 'ಕೌ', ಅಂದರೆ ಹಸು, ಅಂತಲೇ ಕಂಡಿತ್ತು. ತಪ್ಪಾಗಿಯಾದರೂ ಹುಡುಗ ಸಹಿ ಓದಿದ್ದ.

ಮುಂದೆ ಬಾಂಬೆಯ ಜೆ.ಜೆ. ಕಲಾಶಾಲೆ, ನಿನ್ನಲ್ಲಿ ಅಂಥ ಪ್ರತಿಭೆ ಇಲ್ಲ ಅಂತ ಸೀಟು ಕೊಡಲಿಲ್ಲ. ಅದೇ ಊರಿನ 'ಟೈಮ್ಸ್ ಆಫ್ ಇಂಡಿಯಾ'ದಲ್ಲಿ 1951ರಿಂದ ಅವರ ಪುಟ್ಟ ಚೌಕ ಬರತೊಡಗಿತು. ಅದರಲ್ಲಿ ಚೌಕಳಿ ಕೋಟು, ಪಂಚೆ ತೊಟ್ಟ ಶ್ರೀಸಾಮಾನ್ಯ ಒಂದು ಮಾತೂ ಆಡದೆ ನಿಂತು ನೋಡುತ್ತಿದ್ದ. ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಕಡಿಮೆ ದರದ ಏರ್ ಡೆಕ್ಕನ್ ವಿಮಾನ ಶುರು ಮಾಡಿದರಲ್ಲ, ಅದರ ಗುರುತಾದವನೂ ಇವನೇ.

ಕೊರವಂಜಿ 1967ರಲ್ಲಿ ನಿಂತಿತು. 1983ರಲ್ಲಿ 'ಅಪರಂಜಿ' ಅದರ ಜಾಗಕ್ಕೆ ಬಂತು.

ಗ್ರೂಪಿಗೆ ಚಿತ್ರ ಹಾಕಿದ ಹುಡುಗನಿಗೆ ಫೋನ್ ಮಾಡಿ, ಸಹಿ ಎಲ್ಲಪ್ಪಾ ಅಂದೆ. "ನಂಗೂ ಹಿಂಗೇ ಬಂತಣ್ಣ" ಅಂದ. ನಿಮ್ಮ ಮನೆ ಅಟ್ಟದಲ್ಲಿ ಹಳೇ ಕೊರವಂಜಿ ಇದ್ದರೆ ಫೋಟೋ ತೆಗೆದು ನಮಗೆ ಕಳಿಸಿ. ಮೂಲೆಯೂ ಸೇರಿರಲಿ.